2025ರ ಸೆಪ್ಟೆಂಬರಿನ ಆಪಲ್ ಕಾರ್ಯಕ್ರಮ: ಉಪಗ್ರಹ ಎಸ್‌ಓಎಸ್ ಈ ಸಲವಾದರೂ ಭಾರತಕ್ಕೆ ಬರಬಹುದೇ?

ಮಕ್ಕಂದೂರು ತೋಟದವಳು

ಎಲ್ಲರಿಗೂ ನಮಸ್ಕಾರ. ಕೊಡಗಿನಲ್ಲಿ ಕಕ್ಕಡ ತಿಂಗಳು ಮುಗಿಯಿತು, ಮಳೆ ಮುಗಿದಿಲ್ಲ. ಕರೆಂಟ್ ಇರುವಾಗಲೇ ಬರೆದು ಮುಗಿಸುತ್ತೇನೆ.

ನನ್ನದು ಐಫೋನ್ ಎಕ್ಸ್‌ಆರ್. 2019ರಲ್ಲಿ ಕಾಫಿ ಮಾರಿದ ದುಡ್ಡಿನಲ್ಲಿ ಕೊಂಡದ್ದು. ಆರು ವರ್ಷ ತೋಟದ ಕೆಸರು, ಜಿಗಣೆ, ಒದ್ದೆ ಜೇಬು ಎಲ್ಲವನ್ನೂ ಸಹಿಸಿಕೊಂಡು ಬಂದಿದೆ. ಈ ಜೂನ್‌ನಲ್ಲಿ ಐಓಎಸ್ 26 ತೋರಿಸಿದಾಗ ಅದು ಸಿಗುವ ಫೋನ್‌ಗಳ ಪಟ್ಟಿಯಿಂದ ಎಕ್ಸ್‌ಆರ್ ಅನ್ನು ಕೈಬಿಟ್ಟರು. ಬ್ಯಾಟರಿಯೂ ಮಧ್ಯಾಹ್ನದ ಊಟದ ಹೊತ್ತಿಗೆ ಖಾಲಿ. ಹೊಸದನ್ನು ಕೊಳ್ಳಲೇಬೇಕು.

ತೆಳ್ಳಗಿನ ಫೋನ್, ಹೊಸ ಬಣ್ಣ, ಹೊಸ ಕ್ಯಾಮೆರಾ ಎಂದು ನೀವೆಲ್ಲ ಇಲ್ಲಿ ಊಹಿಸುತ್ತಿರುವುದನ್ನು ದಿನವೂ ಓದುತ್ತಿದ್ದೇನೆ. ನಾನು ಕಾಯುತ್ತಿರುವುದು ಒಂದೇ ಒಂದಕ್ಕೆ. ಟವರ್ ಇಲ್ಲದ ಕಡೆಯಿಂದ ಉಪಗ್ರಹದ ಮೂಲಕ ಸಹಾಯ ಕೇಳುವ ಸೌಲಭ್ಯವನ್ನು 2022ರಲ್ಲಿ ಐಫೋನ್ 14ರ ಜೊತೆ ಘೋಷಿಸಿದರು. ಆ ವರ್ಷ ನವೆಂಬರ್‌ನಲ್ಲಿ ಅಮೆರಿಕ, ಕೆನಡಾಗಳಲ್ಲಿ ಶುರುವಾಯಿತು. ಆಮೇಲೆ ಬ್ರಿಟನ್, ಫ್ರಾನ್ಸ್, ಜರ್ಮನಿ, ಆಸ್ಟ್ರೇಲಿಯಾ, ಕಳೆದ ವರ್ಷ ಜಪಾನ್. ಪ್ರತಿ ಸೆಪ್ಟೆಂಬರ್‌ನಲ್ಲೂ ಆ ದೇಶಗಳ ಪಟ್ಟಿ ತೆರೆದು ನೋಡುತ್ತೇನೆ. ಭಾರತ ಇರುವುದಿಲ್ಲ.

ಇಷ್ಟು ಹಂಬಲ ಏಕೆ ಎಂದರೆ, 2018ರ ಆಗಸ್ಟ್ 16ರ ರಾತ್ರಿ ನಾನು ಮೈಸೂರಿನಲ್ಲಿದ್ದೆ. ಅಪ್ಪ, ಅಮ್ಮ, ಅಣ್ಣ ಮನೆಯಲ್ಲಿದ್ದರು. ಮನೆಯ ಹಿಂದಿನ ಬರೆ (ಗುಡ್ಡದ ಇಳಿಜಾರು) ಕುಸಿಯುತ್ತಿದೆ ಎಂದು ಅಣ್ಣ ಹೇಳುತ್ತಿರುವಾಗಲೇ ಕರೆ ಕಡಿದುಹೋಯಿತು. ಅಲ್ಲಿಂದ ಮೂರು ದಿನ ‘ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’ ಎಂಬ ಧ್ವನಿ ಬಿಟ್ಟು ಬೇರೇನೂ ಕೇಳಲಿಲ್ಲ. ನಾಲ್ಕನೆಯ ದಿನ ಸುಂಟಿಕೊಪ್ಪದಿಂದ, ಯಾರದೋ ಫೋನ್‌ನಿಂದ, ಅಮ್ಮ ಮಾತನಾಡಿದರು. ರಾತ್ರಿಯೆಲ್ಲ ಮೇಲಿನ ಗುಡ್ಡದಲ್ಲಿ ಒದ್ದೆಯಾಗಿ ಕುಳಿತಿದ್ದರಂತೆ. ಅಣ್ಣನ ಜೇಬಿನಲ್ಲಿ ಫೋನ್ ಇತ್ತು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಚಾರ್ಜ್ ಇತ್ತು, ಮಾತನಾಡಲು ದಾರಿ ಇರಲಿಲ್ಲ.

ಅಪ್ಪ ದಿನವೂ ಬೆಳಿಗ್ಗೆ ಏಳಕ್ಕೆ ಮಳೆ ಅಳೆದು ಇಂಚು, ಸೆಂಟ್ಸ್ ಲೆಕ್ಕದಲ್ಲಿ ಪುಸ್ತಕಕ್ಕೆ ಬರೆಯುವವರು. ಮೂವತ್ತು ವರ್ಷದ ಪುಸ್ತಕಗಳಿವೆ. ಆ ದಿನದ ಸಾಲಿನಲ್ಲಿ ಅಂಕಿ ಇಲ್ಲ. ‘ಅಳತೆ ಮಾಡಲು ಆಗಲಿಲ್ಲ’ ಎಂದು ಆಮೇಲೆ ಬೇರೆ ಶಾಯಿಯಲ್ಲಿ ಬರೆದಿದ್ದಾರೆ.

ನನ್ನ ಪ್ರಶ್ನೆ ಎರಡು. ಈ ಸಲದ ಘೋಷಣೆಯಲ್ಲಿ ಭಾರತದ ಹೆಸರು ಬರಬಹುದು ಎಂದು ನಂಬಲು ಏನಾದರೂ ಆಧಾರ ಇದೆಯೇ? ಈಗಲೇ ಐಫೋನ್ 16 ಕೊಳ್ಳಲೇ, ಸೆಪ್ಟೆಂಬರ್‌ವರೆಗೆ ತಡೆಯಲೇ?

ಸೋಮವಾರಪೇಟೆಯವ, ಈಗ ಬೆಂಗಳೂರು

ಅಕ್ಕ, ಎರಡನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಖಂಡಿತ ತಡೆಯಿರಿ. 2023ರಲ್ಲಿ 15 ಬಂದ ಕೂಡಲೇ 14ರ ಬೆಲೆ 79,900ರಿಂದ 69,900 ರೂಪಾಯಿಗೆ ಇಳಿಯಿತು. 2024ರಲ್ಲಿ 16 ಬಂದಾಗ 15ಕ್ಕೂ ಅದೇ ಆಯಿತು, ಅದೇ ಅಂಕಿ. ಈ ಸಲ 16ಕ್ಕೂ ಹಾಗೆಯೇ ಆಗುತ್ತದೆ ಎನ್ನುವುದು ನನ್ನ ಲೆಕ್ಕ. ಮೂರು ವಾರ ತಾಳಿದರೆ ಹತ್ತು ಸಾವಿರ ಉಳಿಯುತ್ತದೆ.

ದಿನಾಂಕ ಇನ್ನೂ ಹೇಳಿಲ್ಲ. 2022ರಲ್ಲಿ ಸೆಪ್ಟೆಂಬರ್ 7, 2023ರಲ್ಲಿ 12, 2024ರಲ್ಲಿ 9. ಅಮೆರಿಕದಲ್ಲಿ ಸೆಪ್ಟೆಂಬರ್ ಮೊದಲ ಸೋಮವಾರ ಕಾರ್ಮಿಕರ ದಿನದ ರಜೆ. ಕಳೆದ ಎರಡು ವರ್ಷ ಅದರ ಮುಂದಿನ ವಾರ ಕಾರ್ಯಕ್ರಮ ಇಟ್ಟಿದ್ದಾರೆ. ಈ ವರ್ಷ ಆ ರಜೆ 1ರಂದು ಬೀಳುತ್ತದೆ, ಹಾಗಾಗಿ 9, ಮಂಗಳವಾರ ಎಂದು ನಾನು ಬರೆದಿಟ್ಟುಕೊಂಡಿದ್ದೇನೆ. ನಮ್ಮಲ್ಲಿ ಆಗ ರಾತ್ರಿ ಹತ್ತೂವರೆ.

ಏನೇನು ಬರಬಹುದು? ‘ಪ್ಲಸ್’ ತೆಗೆದು ಆ ಜಾಗಕ್ಕೆ ತೀರಾ ತೆಳುವಾದ ಒಂದು ಮಾದರಿ, ಕಡಿಮೆ ಬೆಲೆಯ ಮಾದರಿಗೂ ಸೆಕೆಂಡಿಗೆ 120 ಬಾರಿ ಹೊಸದಾಗುವ ಪರದೆ, ಇವೆರಡನ್ನು ನಾನು ಬಹುತೇಕ ನಂಬುತ್ತೇನೆ. ನಿಮಗೆ ಬೇಕಾದ ವಿಷಯದಲ್ಲಿ ಒಂದು ಸುದ್ದಿ ಇದೆ: ಆಪಲ್‌ನ ಅಲ್ಟ್ರಾ ಕೈಗಡಿಯಾರದಿಂದಲೇ ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಸೌಲಭ್ಯ ಬರಲಿದೆ ಎಂದು ಬ್ಲೂಮ್‌ಬರ್ಗ್‌ನ ಮಾರ್ಕ್ ಗುರ್ಮನ್ ಕಳೆದ ಡಿಸೆಂಬರ್‌ನಲ್ಲೇ ಬರೆದಿದ್ದರು. ಐಫೋನ್ ಬಳಸುವ ಉಪಗ್ರಹಗಳ ಒಡೆತನ ಇರುವ ಗ್ಲೋಬಲ್‌ಸ್ಟಾರ್ ಕಂಪನಿಗೆ ಆಪಲ್ ಕಳೆದ ನವೆಂಬರ್‌ನಲ್ಲಿ ಸುಮಾರು 150 ಕೋಟಿ ಡಾಲರ್ ಒಪ್ಪಿಕೊಂಡಿದೆ, ಇದಕ್ಕೆಂದೇ ಆ ಕಂಪನಿ ಮಾಡಿದ ಅಂಗಸಂಸ್ಥೆಯಲ್ಲಿ ಶೇಕಡಾ 20ರಷ್ಟು ಪಾಲೂ ಅದರಲ್ಲೇ ಸೇರಿದೆ. ಇಷ್ಟು ಹಣ ಸುರಿಯುವವರು ಹದಿನೇಳೆಂಟು ದೇಶಕ್ಕೆ ತೃಪ್ತಿಪಡುವುದಿಲ್ಲ. ಭಾರತ ಬಂದೇ ಬರುತ್ತದೆ ಎನ್ನುವುದು ನನ್ನ ನಂಬಿಕೆ, ಆದರೆ ಈ ಸೆಪ್ಟೆಂಬರ್‌ನಲ್ಲಿ ಎಂದು ಹೇಳುವ ಧೈರ್ಯ ನನಗಿಲ್ಲ.

ಇನ್ನೊಂದು ಮಾತು. 14 ಮತ್ತು ಅದರ ನಂತರದ ಫೋನ್‌ಗಳನ್ನು ಭಾರತದಲ್ಲಿ ಕೊಂಡರೂ ಒಳಗೆ ಆ ರೇಡಿಯೊ ಇದ್ದೇ ಇರುತ್ತದೆ. ಇಲ್ಲಿ ಕೊಂಡ ಫೋನನ್ನು ಜಪಾನಿಗೆ ಒಯ್ದರೆ ಅಲ್ಲಿ ಕೆಲಸ ಮಾಡುತ್ತದೆ. ನಮ್ಮ ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಾರೆ, ಆ ಫೋನ್ ಮಕ್ಕಂದೂರಿನಲ್ಲಿ ಆಕಾಶದ ಕಡೆ ಮುಖ ಮಾಡಿದರೆ ಮಾತ್ರ ಮೌನ. ಇದು ನನ್ನನ್ನೂ ಬಹಳ ನೋಯಿಸುತ್ತದೆ.

ವಿರಾಜಪೇಟೆ, ದೂರವಾಣಿ ಕೆಲಸದಿಂದ ನಿವೃತ್ತ

ಅಮ್ಮಾ, ನಿಮ್ಮ ಬರಹ ಓದಿ 2019ರ ಆಗಸ್ಟ್‌ನಲ್ಲಿ ನಮ್ಮ ತಾಲ್ಲೂಕಿನ ತೋರ ಗ್ರಾಮದಲ್ಲಿ ಗುಡ್ಡ ಕುಸಿದದ್ದು ನೆನಪಾಯಿತು. ಮೂವತ್ತೈದು ವರ್ಷ ತಂತಿ ಮತ್ತು ಟವರ್‌ಗಳ ಜೊತೆ ಬದುಕಿದವನು ನಾನು. ತಿಳಿದದ್ದನ್ನು ಹೇಳುತ್ತೇನೆ.

ಈ ಉಪಗ್ರಹಗಳು ತಾವಾಗಿ ಏನನ್ನೂ ತಿಳಿದುಕೊಳ್ಳುವುದಿಲ್ಲ. ನೆಲದಿಂದ ಸುಮಾರು 1,400 ಕಿ.ಮೀ. ಮೇಲೆ, ಗಂಟೆಗೆ 24,000 ಕಿ.ಮೀ.ಗೂ ಹೆಚ್ಚಿನ ವೇಗದಲ್ಲಿ ಓಡುತ್ತ, ನಿಮ್ಮ ಫೋನ್ ಕಳುಹಿಸಿದ್ದನ್ನು ಹಾಗೆಯೇ ನೆಲದ ಮೇಲಿನ ಒಂದು ಕೇಂದ್ರಕ್ಕೆ ಇಳಿಸುತ್ತವೆ. ನಿಮ್ಮನ್ನು ನೋಡುತ್ತಿರುವ ಉಪಗ್ರಹಕ್ಕೆ ಅದೇ ಹೊತ್ತಿನಲ್ಲಿ ನೆಲದ ಕೇಂದ್ರವೂ ಕಾಣಿಸಬೇಕು. ಆಪಲ್ ವೇದಿಕೆಯ ಮೇಲೆ ಏನೇ ಹೇಳಲಿ, ಆ ಕೇಂದ್ರ, ತರಂಗಾಂತರ, ಪರವಾನಗಿ ಮೂರೂ ಕೂಡಿಬರದೆ ಇಲ್ಲಿ ಸಂದೇಶ ಹೋಗದು. ಅನುಮತಿ ಇಲ್ಲದೆ ಉಪಗ್ರಹ ಫೋನ್ ಇಟ್ಟುಕೊಳ್ಳುವುದು ನಮ್ಮಲ್ಲಿ ಅಪರಾಧ. 2008ರ ಮುಂಬೈ ದಾಳಿಯಲ್ಲಿ ಭಯೋತ್ಪಾದಕರು ಉಪಗ್ರಹ ಫೋನ್ ಬಳಸಿದ್ದು ಗೊತ್ತಾದ ಮೇಲೆ ಕಟ್ಟುನಿಟ್ಟು ಇನ್ನೂ ಹೆಚ್ಚಿತು. ಭದ್ರತೆಯ ಆತಂಕ ಸುಳ್ಳಲ್ಲ, ಗಡಿ ನೋಡಿದವರಿಗೆ ಅದು ಗೊತ್ತು. ಹಾಗಾಗಿ ಸುಳಿವು ಬೇಕಿದ್ದರೆ ಆಪಲ್ ಕಚೇರಿ ಇರುವ ಕ್ಯುಪರ್ಟಿನೊ ಕಡೆ ನೋಡುವುದನ್ನು ಬಿಟ್ಟು ದೆಹಲಿಯ ದೂರಸಂಪರ್ಕ ಇಲಾಖೆಯ ಕಡೆ ನೋಡಿ. ಉಪಗ್ರಹದಿಂದ ಇಂಟರ್ನೆಟ್ ಕೊಡುವ ಸ್ಟಾರ್‌ಲಿಂಕ್‌ಗೆ ಈ ಜೂನ್‌ನಲ್ಲಿ ಪರವಾನಗಿ ಸಿಕ್ಕಿತು, ಜುಲೈನಲ್ಲಿ ಬಾಹ್ಯಾಕಾಶ ಕೆಲಸಗಳಿಗೆ ಅನುಮತಿ ಕೊಡುವ ಸರ್ಕಾರಿ ಸಂಸ್ಥೆ ಇನ್‌ಸ್ಪೇಸ್‌ನ ಒಪ್ಪಿಗೆಯೂ ಬಂತು. ಬಾಗಿಲು ತೆರೆಯುತ್ತಿದೆ, ಆದರೆ ಮೊದಲು ಒಳಗೆ ಬರುವವರು ಬೇರೆಯವರು.

ಇನ್ನು ನಿಮ್ಮ ತೋಟದ ವಿಷಯ. ತೆರೆದ ಆಕಾಶದ ಕೆಳಗೆ ಸಂದೇಶ ಹೋಗಲು 15 ಸೆಕೆಂಡು ಸಾಕು ಎಂದು ಆಪಲ್ ಹೇಳುತ್ತದೆ. ಮರಗಳ ಕೆಳಗೆ ಒಂದು ನಿಮಿಷ ದಾಟಬಹುದು, ದಟ್ಟ ಎಲೆಗಳ ಕೆಳಗೆ ಹೋಗದೆಯೂ ಇರಬಹುದು. ನಮ್ಮ ಕಾಫಿ ಬೆಳೆಯುವುದೇ ನೆರಳಿನಲ್ಲಿ. ಸಿಲ್ವರ್ ಓಕ್, ಹಲಸು, ಬಳಂಜಿ, ಅದರ ಮೇಲೆ ಬೆಟ್ಟದ ಓರೆ. ಇಂದೇ ಸೌಲಭ್ಯ ಬಂದರೂ ನೀವು ಆಕಾಶ ಕಾಣುವ ಜಾಗ ಹುಡುಕಿ ನಿಲ್ಲಬೇಕು. ಆ ಜಾಗ ಯಾವುದೆಂದು ಮಳೆಗಾಲಕ್ಕೆ ಮೊದಲೇ ಮನೆಯವರೆಲ್ಲರಿಗೂ ಗೊತ್ತಿರಬೇಕು.

ಮಕ್ಕಂದೂರು ತೋಟದವಳು

ಸರ್, ನಿಮ್ಮ ಉತ್ತರವನ್ನು ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವರು ಏನೂ ಮಾತನಾಡದೆ ಕೊಡೆ ತೆಗೆದುಕೊಂಡು ಹೊರಟರು, ನಾನೂ ಹಿಂದೆ ಹೋದೆ. ಮನೆಯಿಂದ ಮೇಲಿನ ಗುಡ್ಡದವರೆಗೆ ತಲೆಯೆತ್ತಿ ನೋಡುತ್ತ ನಡೆದೆವು. ಇಷ್ಟು ವರ್ಷ ಕೆಳಗೆ ನೋಡಿಯೇ ನಡೆದಿದ್ದೇವೆ: ಕಾಯಿ ಉದುರಿದೆಯೇ, ಕೊಳೆರೋಗ ಹತ್ತಿದೆಯೇ, ಆನೆ ಹೆಜ್ಜೆ ಇದೆಯೇ ಎಂದು. ತಲೆಯ ಮೇಲೆ ಆಕಾಶ ಎಷ್ಟು ಕಡಿಮೆ ಎನ್ನುವುದು ಈಗ ತಿಳಿಯಿತು. ನಿಜವಾಗಿ ತೆರೆದ ಜಾಗ ಎರಡೇ. ಒಂದು ಕಾಫಿ ಒಣಗಿಸುವ ಕಣ, ಅದು ಬರೆಯ ಕೆಳಗೇ ಇದೆ, ಅಪಾಯದ ಹೊತ್ತಿನಲ್ಲಿ ಅಲ್ಲಿ ನಿಲ್ಲುವಂತಿಲ್ಲ. ಇನ್ನೊಂದು 2018ರಲ್ಲಿ ಬರೆ ಜಾರಿ ಮರಗಳೆಲ್ಲ ಹೋದ ಜಾಗದ ಮೇಲಂಚು. ಅಲ್ಲಿ ಈಗ ಹುಲ್ಲು ಮಾತ್ರ. ಅಪ್ಪ ಅಲ್ಲಿಗೆ ಬಂದು ಸ್ವಲ್ಪ ಹೊತ್ತು ನಿಂತು, ಹಿಂದಕ್ಕೆ ಇಪ್ಪತ್ತು ಹೆಜ್ಜೆ ಎಣಿಸಿ, ಗಟ್ಟಿ ಬಂಡೆ ಇರುವ ಕಡೆ ಒಂದು ಗೂಟ ಹೊಡೆದರು.

ಸೋಮವಾರಪೇಟೆ ತಮ್ಮ, ನಿಮ್ಮ ಮಾತಿನಂತೆ ತಡೆಯುತ್ತೇನೆ. ಆದರೆ ಒಂದು ಚಿಂತೆ ಬಿಡುತ್ತಿಲ್ಲ. ತೋಟದ ಕೆಲಸಗಾರರು ಇರುವ ನಮ್ಮ ಲೈನ್ ಮನೆಯಲ್ಲಿ ನಾಲ್ಕು ಕುಟುಂಬಗಳಿವೆ. ಅವರ ಕೈಯಲ್ಲಿರುವುದು ಏಳೆಂಟು ಸಾವಿರದ ಫೋನ್. ನನ್ನ ಒಬ್ಬಳ ಜೇಬಿನಲ್ಲಿ ಉಪಗ್ರಹ ಇದ್ದರೆ ಸಾಲದು. ಸಾಮಾನ್ಯ ಫೋನಿಗೂ ಇಂಥದ್ದು ಬರುವ ಸಾಧ್ಯತೆ ಇದೆಯೇ?

ಸೋಮವಾರಪೇಟೆಯವ, ಈಗ ಬೆಂಗಳೂರು

ಇದೆ ಅಕ್ಕ, ನನ್ನ ಆಸೆಯೂ ಅದರ ಮೇಲೆಯೇ. ಅಮೆರಿಕದಲ್ಲಿ ಟಿ-ಮೊಬೈಲ್ ಕಂಪನಿ ಸ್ಟಾರ್‌ಲಿಂಕ್ ಉಪಗ್ರಹಗಳ ಮೂಲಕ ಸಾಮಾನ್ಯ 4ಜಿ ಫೋನ್‌ಗಳಿಗೇ ಸಂದೇಶ ಸೇವೆಯನ್ನು ಕಳೆದ ತಿಂಗಳು ಅಧಿಕೃತವಾಗಿ ಶುರುಮಾಡಿದೆ. ಅಲ್ಲಿ ಉಪಗ್ರಹವೇ ಟವರ್‌ನಂತೆ ವರ್ತಿಸುತ್ತದೆ, ಫೋನ್ ಬದಲಿಸುವ ಅಗತ್ಯ ಬಹಳ ಜನರಿಗೆ ಇಲ್ಲ. ನಮ್ಮಲ್ಲಿ ವೊಡಾಫೋನ್ ಐಡಿಯಾ ಈ ಜೂನ್‌ನಲ್ಲಿ ಎಎಸ್‌ಟಿ ಸ್ಪೇಸ್‌ಮೊಬೈಲ್ ಎಂಬ ಉಪಗ್ರಹ ಕಂಪನಿಯ ಜೊತೆ ಇಂಥದ್ದೇ ಒಪ್ಪಂದ ಪ್ರಕಟಿಸಿದೆ. ಬಿಎಸ್‌ಎನ್‌ಎಲ್ ಕೂಡ ವಯಾಸ್ಯಾಟ್ ಜೊತೆ ಸೇರಿ ಫೋನಿಗೆ ನೇರ ಉಪಗ್ರಹ ಸೇವೆಯನ್ನು ಕಳೆದ ನವೆಂಬರ್‌ನಲ್ಲಿ ಘೋಷಿಸಿತು. ಯಾವುದೂ ಇನ್ನೂ ಲೈನ್ ಮನೆಯವರೆಗೆ ಬಂದಿಲ್ಲ, ನಿಜ. ಆದರೂ ಆಪಲ್ ವೇದಿಕೆಗಿಂತ ಈ ದಾರಿ ಮೊದಲು ಮಕ್ಕಂದೂರು ಮುಟ್ಟೀತು ಎಂದು ನನಗೆ ಅನ್ನಿಸುತ್ತದೆ.

ಭಾಗಮಂಡಲ ಹೋಂಸ್ಟೇ

ನಮ್ಮಲ್ಲಿಗೆ ಬರುವ ವಿದೇಶಿ ಅತಿಥಿಗಳ ಚೀಲದಲ್ಲಿ ಚಾರಣಕ್ಕೆಂದು ಉಪಗ್ರಹ ಸಂದೇಶದ ಚಿಕ್ಕ ಯಂತ್ರ ಇರುವುದುಂಟು. ಇಲ್ಲಿ ಅದನ್ನು ಬಳಸಬೇಡಿ, ಕಾನೂನಿನ ತೊಡಕು ಇದೆ ಎಂದು ನಾವೇ ತಿಳಿಸಿ ಹೇಳುತ್ತೇವೆ. ತಲಕಾವೇರಿಯಲ್ಲಿ 2020ರಲ್ಲಿ ಬೆಟ್ಟ ಕುಸಿದದ್ದನ್ನು ಕಂಡ ಊರಿನವರಾಗಿ ಹಾಗೆ ಹೇಳುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅಕ್ಕ, ಅಲ್ಲಿಯವರೆಗೆ ಒಂದು ಕೆಲಸ ಮಾಡಿ. ಮನೆಗೆ ಫೈಬರ್ ಇದ್ದರೆ ಫೋನ್‌ನಲ್ಲಿ ವೈಫೈ ಕರೆ ಚಾಲೂ ಮಾಡಿ, ರೌಟರ್‌ಗೆ ಸಣ್ಣ ಬ್ಯಾಟರಿ ಇಡಿ. ಟವರ್ ಡೀಸೆಲ್ ಮುಗಿದು ನಿಂತರೂ ನಮ್ಮ ಮನೆಯಿಂದ ಕರೆ ಹೋಗುತ್ತದೆ. ಕೊಂಬೆ ಬಿದ್ದು ತಂತಿ ಕಡಿದರೆ ಮಾತ್ರ ಅದೂ ಇಲ್ಲ.

ಮಕ್ಕಂದೂರು ತೋಟದವಳು

ವೈಫೈ ಕರೆ ಎಕ್ಸ್‌ಆರ್‌ನಲ್ಲೇ ಇದೆ ಎಂದು ನಿಮ್ಮಿಂದ ಗೊತ್ತಾಯಿತು, ಬಹಳ ಉಪಕಾರ. ನಿನ್ನೆಯೇ ಚಾಲೂ ಮಾಡಿ ಮೈಸೂರಿನ ಚಿಕ್ಕಮ್ಮನಿಗೆ ಕರೆ ಮಾಡಿದೆ. ರೌಟರ್ ಬ್ಯಾಟರಿಗೆ ಮಡಿಕೇರಿಯ ಅಂಗಡಿಯಲ್ಲಿ ಹೇಳಿದ್ದೇನೆ. ಲೈನ್ ಮನೆಯವರ ಫೋನ್‌ಗಳಲ್ಲಿ ಎರಡರಲ್ಲಿ ಈ ಸೌಲಭ್ಯ ಸಿಕ್ಕಿತು, ಅವಕ್ಕೂ ನಮ್ಮ ವೈಫೈ ಜೋಡಿಸಿ ಕೊಟ್ಟೆ. ಗೂಟ ಇರುವ ಜಾಗಕ್ಕೆ ಅವರನ್ನೆಲ್ಲ ಒಮ್ಮೆ ಕರೆದುಕೊಂಡು ಹೋಗಿ ತೋರಿಸಿ ಬಂದೆವು. ಕತ್ತಲಲ್ಲೂ ಕಾಣಲಿ ಎಂದು ಅಣ್ಣ ಅದಕ್ಕೆ ಬಿಳಿ ಬಣ್ಣ ಬಳಿದಿದ್ದಾನೆ.

ಸೆಪ್ಟೆಂಬರ್ 9 ಎಂದೇ ಇಟ್ಟುಕೊಂಡಿದ್ದೇನೆ. ಅಷ್ಟರಲ್ಲಿ ಕೈಲ್ ಪೊಳ್ದ್ ಹಬ್ಬ ಮುಗಿದಿರುತ್ತದೆ. ರಾತ್ರಿ ಕರೆಂಟ್ ನಂಬುವಂತಿಲ್ಲ, ಮಡಿಕೇರಿಯ ಅತ್ತೆಯ ಮನೆಯಲ್ಲಿ ಉಳಿದು ನೋಡುತ್ತೇನೆ. ತೆಳು ಫೋನ್ ಎಷ್ಟು ತೆಳು ಎಂಬುದನ್ನು ನೀವು ನೋಡಿ ಹೇಳಿ. ನಾನು ದೇಶಗಳ ಪಟ್ಟಿ ತೆರೆದು, ಇದ್ದರೂ ಇಲ್ಲದಿದ್ದರೂ ಮರುದಿನ ಬೆಳಿಗ್ಗೆ ಇಲ್ಲಿಯೇ ಬರೆಯುತ್ತೇನೆ.