ಕಾಯಿಲೆ ಅಪರೂಪ, ಆಂಟಿಬಾಡಿ ಮಾತ್ರ ಧಾರಾಳ: ಹೆಪಟೈಟಿಸ್ ಇ ಲೆಕ್ಕ ಓದೋದು ಹೇಗೆ?

ಸೀರಂಪ್ರಿಯ:
ಅಮೆರಿಕದಲ್ಲಿ ಹೆಪಟೈಟಿಸ್ ಇ (ಲಿವರ್‌ಗೆ ತಗುಲುವ ಒಂದು ವೈರಸ್) ಕಾಮಾಲೆ ಕಾಣಸಿಗೋದೇ ಅಪರೂಪ. ಆದರೂ 1988–94ರ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ ರಕ್ತಮಾದರಿಗಳಲ್ಲಿ ಶೇ. 21ರಷ್ಟು ಐಜಿಜಿ (ಹಿಂದೆ ಸೋಂಕಾಗಿತ್ತು ಅಂತ ತೋರಿಸುವ ಆಂಟಿಬಾಡಿ) ಪಾಸಿಟಿವ್, 2009–10ರ ಸಮೀಕ್ಷೆಯಲ್ಲಿ ಬರೀ ಶೇ. 6. ಸೋಂಕು ಅಷ್ಟು ಇಳಿದುಹೋಯಿತೇ? ಇಷ್ಟು ಜನಕ್ಕೆ ತಗುಲಿದ್ದರೆ ರೋಗಿಗಳೆಲ್ಲಿ?

ಎಲೈಸಾಮೂಲೆ:
ಇಳಿಕೆ ಅಂತ ತೀರ್ಮಾನಿಸುವ ಮುನ್ನ ಯಾವ ಕಿಟ್ ಅಂತ ನೋಡಿ. ಮೊದಲನೆಯದು ಸಂಶೋಧನಾಲಯದಲ್ಲೇ ತಯಾರಿಸಿದ ಪರೀಕ್ಷೆ, ಎರಡನೆಯದು ಮಾರುಕಟ್ಟೆಯ ಕಿಟ್. ಎರಡನ್ನೂ ಒಂದೇ ಗೆರೆಯಲ್ಲಿ ಇಟ್ಟು ಹೋಲಿಸೋ ಹಾಗೇ ಇಲ್ಲ. ನೈರುತ್ಯ ಫ್ರಾನ್ಸಿನ ರಕ್ತದಾನಿಗಳಲ್ಲಿ ಜೀನ್‌ಲ್ಯಾಬ್ಸ್ ಕಿಟ್ ಶೇ. 16ರ ಆಸುಪಾಸು ತೋರಿಸಿತ್ತು. ಆಮೇಲೆ ವಾಂಟಾಯ್ ಕಿಟ್ ಬಳಸಿದಾಗ ಶೇ. 52 ದಾಟಿತು. ನೈರುತ್ಯ ಇಂಗ್ಲೆಂಡಿನಲ್ಲಂತೂ ಅವೇ ಮಾದರಿಗಳಿಗೆ ಎರಡೂ ಕಿಟ್ ಹಾಕಿ ನೋಡಿದ್ದಾರೆ: ಒಂದರಲ್ಲಿ ಶೇ. 4ರೊಳಗೆ, ಇನ್ನೊಂದರಲ್ಲಿ ಶೇ. 16. ಸೂಕ್ಷ್ಮತೆ (ಸೋಂಕಾದವರನ್ನು ಹಿಡಿಯುವ ಶಕ್ತಿ) ಕಡಿಮೆ ಇರೋ ಕಿಟ್ ಹಳೇ ಸೋಂಕನ್ನು ತಪ್ಪಿಸಿಬಿಡುತ್ತೆ, ಏಕೆಂದರೆ ವರ್ಷ ಕಳೆದ ಹಾಗೆ ಐಜಿಜಿ ಮಟ್ಟ ಇಳೀತಾ ಹೋಗುತ್ತೆ.

ಉಲ್ಟಾ ತೊಂದರೆಯೂ ಉಂಟು. ಕಾಗದದ ಮೇಲೆ ಲೆಕ್ಕ ಹಾಕಿ: 1000 ಜನರಲ್ಲಿ ನಿಜಕ್ಕೂ ಸೋಂಕಾದವರು 20, ಸೂಕ್ಷ್ಮತೆ ಶೇ. 90, ನಿರ್ದಿಷ್ಟತೆ (ಸೋಂಕಾಗದವರನ್ನು ನೆಗೆಟಿವ್ ಅಂತ ಸರಿಯಾಗಿ ಹೇಳೋದು) ಶೇ. 97 ಅಂತಿಟ್ಟುಕೊಂಡರೆ 18 ನಿಜವಾದ ಪಾಸಿಟಿವ್, 29 ಸುಳ್ಳು ಪಾಸಿಟಿವ್. ಸೋಂಕು ವಿರಳವಾದಷ್ಟೂ ಸುಳ್ಳಿನ ಪಾಲು ಜಾಸ್ತಿ.

ಜೀನೋಟೈಪ್3:
ರೋಗಿಗಳೆಲ್ಲಿ ಅನ್ನೋದಕ್ಕೆ ಬರ್ತೀನಿ. ಕಲುಷಿತ ನೀರಿನಿಂದ ಊರಿಗೂರೇ ಹಬ್ಬೋದು, ಗರ್ಭಿಣಿಯರಿಗೆ ಮಾರಕವಾಗೋದು ಮುಖ್ಯವಾಗಿ ಈ ವೈರಸ್‌ನ ಜೀನೋಟೈಪ್ (ತಳಿ) 1. 2 ಕೂಡ ನೀರಿನದ್ದೇ. ಯುರೋಪ್, ಅಮೆರಿಕದಲ್ಲಿ ಸುತ್ತಾಡೋದು 3. ಅದರ ಮನೆ ಹಂದಿ, ಕಾಡುಹಂದಿ, ಜಿಂಕೆ. ಅರೆಬೆಂದ ಮಾಂಸದಿಂದ, ಅದರಲ್ಲೂ ಹಂದಿಯ ಲಿವರ್‌ನಿಂದ, ಮನುಷ್ಯರಿಗೆ ದಾಟುತ್ತೆ. ಬಹುಪಾಲು ಜನಕ್ಕೆ ಲಕ್ಷಣವೇ ಇರಲ್ಲ. ಕಾಮಾಲೆ ಬಂದವರಲ್ಲೂ ಪ್ರವಾಸದ ಇತಿಹಾಸ ಇಲ್ಲ ಅಂತ ಹೆಪಟೈಟಿಸ್ ಇ ಪರೀಕ್ಷೆ ಮಾಡಿಸದೆ, ಔಷಧಿಯಿಂದಾದ ಲಿವರ್ ಹಾನಿ ಅಂತ ಬರೆದುಬಿಡೋದುಂಟು. ಹುಡುಕದೇ ಇದ್ದರೆ ಅಪರೂಪವೇ ಅಲ್ಲವೇ!

ಸೀರಂಪ್ರಿಯ:
ಹಾಗಾದರೆ ಯಾವ ಸಂಖ್ಯೆಯನ್ನು ನಂಬೋದು?

ಎಲೈಸಾಮೂಲೆ:
ಈಗಿನ ಸೋಂಕಿನ ಲೆಕ್ಕ ಬೇಕಿದ್ದರೆ ರಕ್ತದಾನಿಗಳ ರಕ್ತದಲ್ಲಿ ವೈರಸ್‌ನ ಆರ್‌ಎನ್‌ಎ (ಅದರ ಆನುವಂಶಿಕ ವಸ್ತು) ಹುಡುಕೋದು. ಆಗ್ನೇಯ ಇಂಗ್ಲೆಂಡಿನಲ್ಲಿ 2012–13ರಲ್ಲಿ ಸುಮಾರು 2,25,000 ರಕ್ತದಾನ ಪರೀಕ್ಷಿಸಿದಾಗ 79ರಲ್ಲಿ ವೈರಸ್ ಸಿಕ್ಕಿತು, ಅಂದರೆ ಸರಿಸುಮಾರು 2,850ಕ್ಕೆ ಒಂದು. ಆ ರಕ್ತ ಪಡೆದು ಹಿಂಬಾಲಿಸಲಾದ 43 ಜನರಲ್ಲಿ 18 ಮಂದಿಗೆ ಸೋಂಕು ತಗುಲಿತ್ತು. ವೈರಸ್ ರಕ್ತದಲ್ಲಿ ಕೆಲವೇ ವಾರ ಇರೋದರಿಂದ, ಒಂದು ದಿನದ ಈ ಚಿಕ್ಕ ಸಂಖ್ಯೆಯೂ ವರ್ಷದ ಲೆಕ್ಕಕ್ಕೆ ದೊಡ್ಡದೇ. ಐಜಿಜಿ ಬೇಕೇಬೇಕು ಅಂದರೆ ಒಂದೇ ಕಿಟ್‌ನಲ್ಲಿ, ವಯಸ್ಸಿನ ಗುಂಪು ಬೇರೆ ಮಾಡಿ ಹೋಲಿಸಿ.

ಜೀನೋಟೈಪ್3:
ಒಂದು ಎಚ್ಚರಿಕೆ: ಅಂಗಾಂಗ ಕಸಿಯಾದವರಲ್ಲಿ, ಇಮ್ಯುನಿಟಿ ತಗ್ಗಿಸುವ ಔಷಧಿಯಲ್ಲಿರುವವರಲ್ಲಿ ಆಂಟಿಬಾಡಿ ಹುಟ್ಟದೇ ಇರಬಹುದು. ಎಎಲ್‌ಟಿ (ಲಿವರ್ ಹಾನಿ ತೋರಿಸುವ ಕಿಣ್ವ) ಏರುತ್ತಿದ್ದರೆ ಐಜಿಜಿ ನೆಗೆಟಿವ್ ಅಂತ ಬಿಡದೆ ನೇರವಾಗಿ ಪಿಸಿಆರ್‌ಗೆ (ವೈರಸ್‌ನ ಆರ್‌ಎನ್‌ಎ ಹುಡುಕುವ ಪರೀಕ್ಷೆಗೆ) ಕಳಿಸಿ. ವೈರಸ್ 3 ತಿಂಗಳು ದಾಟಿ ಉಳಿದರೆ ದೀರ್ಘಕಾಲಿಕ ಅಂತ ಪರಿಗಣಿಸಿ, ಮೊದಲು ಆ ಔಷಧಿಯ ಪ್ರಮಾಣ ತಗ್ಗಿಸಲು ನೋಡ್ತಾರೆ, ಆಗದಿದ್ದರೆ ರಿಬಾವಿರಿನ್ ಅನ್ನೋ ವೈರಸ್ ನಿರೋಧಕ ಔಷಧಿ.