ನೋಡುವಾಗ ಗೊತ್ತು, ಕತ್ತರಿ ಹಿಡಿದರೆ ಖಾಲಿ

ಕೇಳಿದ್ದು: ವಿಡಿಯೊ ನೋಡಿ ಬ್ಲೌಸ್ ಹೊಲಿಯುವುದು ಕಲಿಯುತ್ತಿದ್ದೇನೆ. ವಯಸ್ಸು 41. ನೋಡುವಾಗ ಎಲ್ಲ ಸಲೀಸು. ಬಟ್ಟೆ ಹರಡಿಕೊಂಡು ಕೂತರೆ ಒಂದೂ ನೆನಪಾಗುವುದಿಲ್ಲ. ಸ್ವಂತವಾಗಿ ಏನಾದರೂ ಕಲಿತವರು ಹೇಗೆ ನೆನಪಿಟ್ಟುಕೊಂಡಿರಿ, ಸ್ವಲ್ಪ ಹೇಳ್ತೀರಾ?

ದಾವಣಗೆರೆಯಿಂದ: ಅಕ್ಕಾ, ನನ್ನದೂ ಇದೇ ಕತೆ. ಒಂದೇ ವಿಡಿಯೊ ಏಳೆಂಟು ಸಲ ನೋಡಿದ್ದೆ. ನೋಡಿದ್ದೇ ಬಂತು. ಆಮೇಲೆ ಹೀಗೆ ಮಾಡಿದೆ. ಒಂದು ಸಲ ನೋಡುವುದು, ಫೋನ್ ಬೇರೆ ಕೋಣೆಯಲ್ಲಿ ಇಟ್ಟು ಬರುವುದು, ಹಳೇ ಪೇಪರ್ ಮೇಲೆ ನೆನಪಿನಿಂದಲೇ ಗೆರೆ ಎಳೆಯುವುದು. ಎದೆ ಸುತ್ತಳತೆ 36 ಇಂಚು, ಅದರ ಕಾಲು ಭಾಗ 9. ಸಡಿಲಕ್ಕೆ ಎಷ್ಟು, ಹೊಲಿಗೆಗೆ ಎಷ್ಟು? ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಿದ್ದೆ. ಆದರೂ ಫೋನ್ ನೋಡುವ ಮೊದಲು ಐದು ನಿಮಿಷ ತಿಣುಕಲೇಬೇಕು. ಹಾಗೆ ತಿಣುಕಿ ಹೊಳೆದದ್ದು ಇವತ್ತಿಗೂ ಮರೆತಿಲ್ಲ. ಮಾರನೇ ದಿನ ಇನ್ನೊಮ್ಮೆ, ನಾಲ್ಕು ದಿನ ಬಿಟ್ಟು ಮತ್ತೊಮ್ಮೆ. ತೋಳಿನ ಮುಂದು ಹಿಂದು ಅದಲುಬದಲು ಮಾಡಿ ಎರಡು ಸಲ ಬಿಚ್ಚಿದ್ದೇನೆ. ಮುಂಭಾಗದಲ್ಲಿ ಕಂಕುಳ ಸುತ್ತು ಜಾಸ್ತಿ ಒಳಗೆ ಕೊರೆದಿರುತ್ತದೆ ಅಂತ ಕಲಿಸಿದ್ದು ಆ ಬಿಚ್ಚಾಟವೇ. ರೇಷ್ಮೆ ಸೀರೆಯ ಬ್ಲೌಸ್ ಪೀಸ್ ಮಾತ್ರ ಈಗಲೇ ಮುಟ್ಟಬೇಡಿ!

ಮೈಸೂರಿನಿಂದ: ನಾನು ನಿವೃತ್ತಿಯಾದ ಮೇಲೆ ಸಂಗೀತ ಹಿಡಿದವನು. 72 ಮೇಳಕರ್ತ ರಾಗಗಳ, ಅಂದರೆ ಮೂಲ ರಾಗಗಳ, ಕ್ರಮಸಂಖ್ಯೆ ಬಾಯಿಪಾಠ ಆಗಲೇ ಇಲ್ಲ. ಅಕ್ಷರಕ್ಕೊಂದು ಅಂಕಿ ಕೊಡುವ ಕಟಪಯಾದಿ ಲೆಕ್ಕ ಗೊತ್ತಾದ ಮೇಲೆ ಅದು ಬೇಕಾಗಲೂ ಇಲ್ಲ. ಮಾಯಾಮಾಳವಗೌಳದ 'ಮಾ' ಅಂದರೆ 5, 'ಯಾ' ಅಂದರೆ 1. ತಿರುಗಿಸಿದರೆ 15. ಹೆಸರಲ್ಲೇ ನಂಬರ್! ಆದರೆ ಇಂಥ ಉಪಾಯದಿಂದ ಸ್ವರ ನಿಲ್ಲುವುದಿಲ್ಲಮ್ಮ. ಸರಳೆ ವರಸೆಗೆ, ಅಂದರೆ ಮೊದಲ ಸ್ವರಪಾಠಕ್ಕೆ, ದಿನಾ 20 ನಿಮಿಷ ಕೂರಲೇಬೇಕು. ಭಾನುವಾರ ಮಾತ್ರ ಎರಡು ಗಂಟೆ ಕೂತು ನೋಡಿದೆ, ಗಂಟಲು ಕಟ್ಟಿತು ಅಷ್ಟೇ.

ಮ್ಯೂನಿಕ್‌ನಿಂದ: ಜರ್ಮನ್ ಪದಗಳಿಗೆ ನನ್ನದು ರಟ್ಟಿನ ಪೆಟ್ಟಿಗೆ, ಐದು ಖಾನೆ. ಸೆಬಾಸ್ಟಿಯನ್ ಲೈಟ್ನರ್ ಅನ್ನುವವರು 1972ರಲ್ಲಿ ಬರೆದ ಉಪಾಯ. ಚೀಟಿಯ ಉತ್ತರ ಸರಿಯಾದರೆ ಮುಂದಿನ ಖಾನೆಗೆ, ತಪ್ಪಿದರೆ ವಾಪಸ್ ಮೊದಲನೆಯದಕ್ಕೆ. ಮುಂದಿನ ಖಾನೆಗಳನ್ನು ಅಪರೂಪಕ್ಕೆ ತೆಗೆದರೆ ಸಾಕು. 'ಹುಡುಗಿ' ಅನ್ನುವ ಪದ ಇಲ್ಲಿ ನಪುಂಸಕ ಲಿಂಗ, ಆ ಚೀಟಿ ಎಷ್ಟು ಸಲ ವಾಪಸ್ ಬಂತೋ! ಹೊಲಿಗೆಗೆ ಚೀಟಿ ಅಷ್ಟು ಉಪಯೋಗ ಇಲ್ಲ, ಅಳತೆ ಲೆಕ್ಕಕ್ಕೆ ಆಗಬಹುದು.

ಕೇಳಿದವರು: ಇವತ್ತು ಪೇಪರ್ ಮೇಲೆ ಎಳೆದೆ. ಕತ್ತು ಸರಿಯಾಗಿ ಬಂತು. ಕಂಕುಳ ಹತ್ತಿರ ನಿಂತಿದ್ದೆ, ಐದು ನಿಮಿಷ ಹತ್ತಾಯಿತು. ಫೋನ್ ತರಲು ಎದ್ದು ಅಡುಗೆಮನೆ ಬಾಗಿಲವರೆಗೆ ಹೋದವಳು ವಾಪಸ್ ಬಂದು ಕೂತೆ.