ಸಹಾಯ ಬೇಕು: ಹಾಂಗ್‌ಕಾಂಗ್‌ನ ಪೀಕ್ ಬೆಟ್ಟದಿಂದ ಸಂಜೆ ಇಳಿಯೋಕೆ ಟ್ರಾಮ್ ಒಳ್ಳೇದಾ, ಬಸ್ಸಾ?

ಡಿಸೆಂಬರ್ ಶನಿವಾರ, ಜೊತೆಗೆ ವಯಸ್ಸಾದ ಅಪ್ಪ-ಅಮ್ಮ. ಬೆಳಗ್ಗೆ ತುಂಗ್ ಚುಂಗ್‌ನಿಂದ ಕೇಬಲ್ ಕಾರ್‌ನಲ್ಲಿ ದೊಡ್ಡ ಬುದ್ಧನ ಪ್ರತಿಮೆಗೆ. ಗಾಳಿ ಜೋರಾಗಿ ಅದು ನಿಂತ್ರೆ 23ನೇ ನಂಬರ್ ಬಸ್ ಇದ್ದೇ ಇದೆ. ತೊಡಕಿರೋದು ಸಂಜೇದು. ಸೂರ್ಯ ಮುಳುಗೋದು 5:40ರ ಸುಮಾರಿಗೆ. ಊರಿನ ದೀಪಗಳೆಲ್ಲ ಹೊತ್ಕೊಳ್ಳೋದನ್ನ ನೋಡೋಕೆ 6:30ರ ತನಕವಾದ್ರೂ ಪೀಕ್ ಮೇಲಿರಬೇಕು, ಅದನ್ನಂತೂ ಬಿಡೋ ಹಾಗಿಲ್ಲ. 8ಕ್ಕೆ ಬಂದರಿನ ಆಚೆ ದಡದ ಚಿಮ್ ಶಾ ಚುಯ್‌ನಲ್ಲಿ ಲೈಟ್ ಶೋ. ದೀಪ ನೋಡಿದ್ಮೇಲೆ ಎಲ್ಲರೂ ಒಟ್ಟಿಗೆ ಇಳಿಯೋದ್ರಿಂದ ಟ್ರಾಮ್ ಕ್ಯೂ ಬೆಳೀತಾ ಹೋಗುತ್ತೆ. 15ನೇ ನಂಬರ್ ಬಸ್ಸಲ್ಲಿ ಸೆಂಟ್ರಲ್‌ಗೆ ಬಂದು, 7ನೇ ಪಿಯರ್‌ನಲ್ಲಿ ಸ್ಟಾರ್ ಫೆರಿ ಹತ್ತಬಹುದು. ಆದ್ರೆ ಘಾಟಿ ರಸ್ತೆ, ಟ್ರಾಫಿಕ್ ಸಿಕ್ಕಿದ್ರೆ ಕಷ್ಟ. ವೇಳಾಪಟ್ಟಿ, ಮ್ಯಾಪ್ ಎರಡೂ ನೋಡಿದ್ದಾಯ್ತು, ಶನಿವಾರದ ಅಂದಾಜು ಸಿಗ್ತಿಲ್ಲ.

ಅಲ್ಲಿರೋರು ಹೇಳಿ: 6:30ಕ್ಕೆ ಬಸ್ ಕ್ಯೂನಲ್ಲಿ ನಿಂತ್ರೆ 7:45ರೊಳಗೆ ಆ ದಡ ಸೇರಬಹುದಾ, ಇಲ್ಲಾ ಟ್ರಾಮೇ ವಾಸಿನಾ?